ಕಣ್ಣು ಮಿಟುಕಿಸದ ಹುಡುಗಿ

"ಮಿಸ್, ನಾನು ಕಣ್ಣೇ ಮಿಟುಕಿಸ್ಲಿಲ್ಲ. ಆದ್ರೂ ಅದು ಒಳಗೆ ಹೋಗಿದ್ದು ಕಾಣ್ಲಿಲ್ಲ."

ಮಂಗಳವಾರ ಲ್ಯಾಬಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೀಗಂದಾಗ ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಮತ್ತೆ ಮಸೂರಕ್ಕೆ ಕಣ್ಣಿಟ್ಟು, "ನಿಜವಾಗ್ಲೂ ಮಿಸ್" ಅಂದಳು. ಆ ದನಿ ಇನ್ನೂ ಕಿವಿಯಲ್ಲಿದೆ.

ದೇವರಾಯನದುರ್ಗದ ಕಡೆ ಹೋಗುವ ದಾರಿಯ ಒಂದು ಕುಂಟೆಯಿಂದ ಕೀಟ ಹಿಡಿದು ತಿನ್ನುವ ನೀರುಗಿಡ ಬ್ಲಾಡರ್‌ವರ್ಟ್ ತಂದಿದ್ದೆ. ನೀರಿನ ಮೇಲೆ ಪುಟ್ಟ ಹಳದಿ ಹೂವು, ಕೆಳಗೆ ಎಳೆ ಎಳೆಯಾಗಿ ತೇಲುವ ಹಸಿರು. ಬೇರೇ ಇಲ್ಲ. ಎಳೆಗಳ ತುಂಬ ಸಾಸಿವೆ ಕಾಳಿನಷ್ಟು ಚೀಲಗಳು. ವಾಚ್ ಗ್ಲಾಸೆಂಬ ಪುಟ್ಟ ಗಾಜಿನ ತಟ್ಟೆಯಲ್ಲಿ ಹಾಕಿ ನೋಡಿದರೆ ಚೀಲದ ಎರಡೂ ಕೆನ್ನೆ ಒಳಕ್ಕೆ ಬತ್ತಿರುವುದು ಕಾಣುತ್ತದೆ. ಒಳಗಿನ ನೀರನ್ನು ಗಿಡ ಬಿಡದೆ ಹೊರಕ್ಕೆ ಹಾಕಿ ಹಾಕಿ, ಒತ್ತಡ ತಗ್ಗಿಸಿ, ಬಾಗಿಲು ಬಿಗಿದು ಕಾಯುತ್ತಿರುತ್ತದೆ. ಬಾಗಿಲ ಬಳಿಯ ಸಣ್ಣ ಕೂದಲಿಗೆ ಡಾಫ್ನಿಯಾದಂಥ ಪುಟಾಣಿ ನೀರುಜೀವಿ ತಾಕಿದರೆ ಸಾಕು, ಬಾಗಿಲು ಒಳಕ್ಕೆ ಮಡಚಿ, ಕೆನ್ನೆಗಳು ಉಬ್ಬಿ, ನೀರಿನ ಜೊತೆ ಜೀವಿಯೂ ಒಳಗೆ. ಬಾಗಿಲು ಮತ್ತೆ ಭದ್ರ.

ಅವಳು ನೋಡುತ್ತಿದ್ದ ಚೀಲದಲ್ಲಿ ಆದದ್ದೂ ಇದೇ. ಹೊರಗೆ ಈಜುತ್ತಿದ್ದದ್ದು ಒಳಗೆ ಒದ್ದಾಡುತ್ತಿತ್ತು. ಹೋದದ್ದು ಮಾತ್ರ ಕಾಣಲಿಲ್ಲ.

ಕಾಣುವುದು ಹೇಗೆ? ಒಳಗೆಳೆಯುವ ಕೆಲಸ ಒಂದು ಮಿಲಿಸೆಕೆಂಡಿನೊಳಗೇ ಮುಗಿಯುತ್ತದೆ. ನಾವು ಒಮ್ಮೆ ರೆಪ್ಪೆ ಬಡಿಯುವುದಕ್ಕೇ ಅದರ ನೂರು ಪಟ್ಟಿಗೂ ಹೆಚ್ಚು ಹೊತ್ತು ಬೇಕು. ಸಾಕ್ಷಾತ್ ಡಾರ್ವಿನ್ನನಿಗೂ ಕಂಡಿರಲಿಲ್ಲ. ಕೀಟಾಹಾರಿ ಗಿಡಗಳ ಬಗ್ಗೆ 1875ರಲ್ಲಿ ಬರೆದ ಪುಸ್ತಕದಲ್ಲಿ, ಜೀವಿಗಳೇ ತಲೆಯಿಂದ ಬಾಗಿಲು ತಳ್ಳಿಕೊಂಡು ನುಗ್ಗುತ್ತವೆ ಎಂದು ಆತ ತೀರ್ಮಾನಿಸಿದ್ದ. 2011ರಲ್ಲಿ ಫ್ರಾನ್ಸಿನ ಸಂಶೋಧಕರು ಅತಿವೇಗದ ಕ್ಯಾಮೆರಾ ಹಿಡಿದು ಆ ಕ್ಷಣವನ್ನು ಬಿಡಿಸಿ ತೋರಿಸಿದರು.

ಅಂದಮೇಲೆ ಈ ಹುಡುಗಿ ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತು? ಕಣ್ಣೇ ಮಿಟುಕಿಸಲಿಲ್ಲ, ಆದರೂ ಕಾಣಲಿಲ್ಲ. ಅಷ್ಟು ಹೊತ್ತಿನಲ್ಲಿ ಆ ಲ್ಯಾಬಿನಲ್ಲಿ ಯಾರಾದರೂ ಆಡಿದ ಅತ್ಯಂತ ಕರಾರುವಾಕ್ಕಾದ ಮಾತು ಅದು. ನಕ್ಕವರಲ್ಲಿ ಅರ್ಧ ಜನ ಮಸೂರದ ಹತ್ತಿರವೂ ಬಂದಿರಲಿಲ್ಲ. "ಕೀಟ ಚೀಲದೊಳಗೆ ಸಿಕ್ಕಿಬೀಳುತ್ತದೆ ಮಿಸ್" ಎಂದು ಗೈಡಿನ ಸಾಲು ಒಪ್ಪಿಸಿದ ಹುಡುಗನಿಗೆ ಚಪ್ಪಾಳೆ ಬಿತ್ತು. ಬುದ್ಧಿವಂತ ಹುಡುಗನೇ, ಆದರೆ ನೋಡುವ ಮೊದಲೇ ಉತ್ತರ ಅವನ ಬಾಯಲ್ಲಿತ್ತು. ಕಂಡಿದ್ದನ್ನು ಕಂಡೆ, ಕಾಣದ್ದನ್ನು ಕಾಣೆ ಅನ್ನುವ ಮಕ್ಕಳನ್ನು ದಡ್ಡರ ಸಾಲಿಗೆ ಸೇರಿಸಿ ಸೇರಿಸಿ ನಾವು ಅವರ ಬಾಯಿ ಕಟ್ಟಿದ್ದೇವೆ. ಈ ಹುಡುಗಿ ವರ್ಷವಿಡೀ ಕೈ ಎತ್ತಿದವಳಲ್ಲ.

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿಕೊಂಡರೆ ಹಿರಿಯ ಸಹೋದ್ಯೋಗಿಯೊಬ್ಬರು, "ಎಸ್ಸೆಸ್ಸೆಲ್ಸಿಗೆ ಇದು ಬರುತ್ತಾ ಮೇಡಂ?" ಅಂದರು. ಒಳ್ಳೆಯವರು, ಮಕ್ಕಳನ್ನು ಪಾಸು ಮಾಡಿಸಲು ರಾತ್ರಿ ಹೊತ್ತೂ ಪಾಠ ಮಾಡುವವರು. ಆದರೂ ಆ ಪ್ರಶ್ನೆ ಮನಸ್ಸಿಗೆ ನಾಟಿತು.

ಗುರುವಾರ ಅವಳೇ ಬಂದಳು. "ಮಿಸ್, ನಮ್ಮಣ್ಣನ ಫೋನಲ್ಲಿ ಸ್ಲೋ ಮೋಷನ್ ಇದೆ. ಅದ್ರಲ್ಲಿ ಸಿಗುತ್ತಾ?"

ಲೆಕ್ಕ ಹಾಕಿದೆವು. ಸೆಕೆಂಡಿಗೆ 240 ಚಿತ್ರವೆಂದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ನಾಲ್ಕು ಮಿಲಿಸೆಕೆಂಡಿನ ಅಂತರ. ಒಂದರಲ್ಲಿ ಡಾಫ್ನಿಯಾ ಹೊರಗೆ, ಮುಂದಿನದರಲ್ಲಿ ಒಳಗೆ. ಅವಳ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ನೀರು ಹೊರಗೆ ಹಾಕಿ ಮತ್ತೆ ಕೆನ್ನೆ ಬತ್ತೋಕೆ ಎಷ್ಟೊತ್ತು ಮಿಸ್?" ಅಂದಳು.

ಅರ್ಧ ಗಂಟೆಯ ಆಜುಬಾಜು ಅಂದೆ.

"ಹಂಗಾದ್ರೆ ಅದನ್ನ ಹಿಡೀಬಹುದಲ್ವಾ?"

ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಲ್ಯಾಬಿನ ಬೀಗದ ಕೈ ಇಟ್ಟುಕೊಂಡಿರುತ್ತೇನೆ. ಅಣ್ಣನ ಫೋನು ಅವಳು ತರುತ್ತಾಳೆ.