ಒಂದೇ ಕಡೆ ತಿರುಗೋದಕ್ಕೆ ಪ್ರಾಕ್ಟೀಸ್ ಬೇರೆ ಬೇಕಾ?

ನಾನು ಮಣ್ಣಿನ ಟ್ರ್ಯಾಕಿನಲ್ಲಿ ರೇಸ್ ಕಾರು ಓಡಿಸುತ್ತೇನೆ. ಹೊಟ್ಟೆಪಾಡಿಗಲ್ಲ, ಹುಚ್ಚಿಗೆ. ಮೊಟ್ಟೆ ಆಕಾರದ ಟ್ರ್ಯಾಕು. ಒಂದು ಸುತ್ತು ಸುಮಾರು 600 ಮೀಟರ್. ತಿರುವುಗಳೆಲ್ಲ ಎಡಕ್ಕೆ. ರೇಸ್ ಇಲ್ಲದ ದಿನವೂ ಕಾರನ್ನು ಟ್ರೇಲರ್‌ಗೆ ಏರಿಸಿಕೊಂಡು ಪ್ರಾಕ್ಟೀಸಿಗೆ ಹೋಗುತ್ತೇನೆ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಎದುರಿಗಿದ್ದವರ ಬಾಯಲ್ಲಿ ಪ್ರಶ್ನೆ ರೆಡಿ: "ಒಂದೇ ಕಡೆ ತಿರುಗೋದು ತಾನೇ? ಅದಕ್ಕೆ ಪ್ರಾಕ್ಟೀಸ್ ಬೇರೆ ಬೇಕಾ?"

ಮೊದಮೊದಲು ನಗುತ್ತಾ ಉತ್ತರ ಕೊಡುತ್ತಿದ್ದೆ. ಈಗ ಆಗುವುದಿಲ್ಲ. ಇನ್ನು ಮೇಲೆ ಕೇಳಿದವರಿಗೆ ಇದನ್ನು ಕಳಿಸಿ ಸುಮ್ಮನಾಗುತ್ತೇನೆ.

ನನಗೆ ಉರಿಯುವುದು ಆ "ಬೇರೆ" ಅನ್ನುವ ಪದಕ್ಕೆ. "ಪ್ರಾಕ್ಟೀಸ್ ಬೇಕಾ?" ಅಂತ ಕೇಳಿದರೆ ಕೂತು ಹೇಳಬಹುದು. "ಪ್ರಾಕ್ಟೀಸ್ ಬೇರೆ ಬೇಕಾ?" ಅಂದವರು ತೀರ್ಪು ಬರೆದಿಟ್ಟುಕೊಂಡೇ ಬಂದಿರುತ್ತಾರೆ. ನೆಂಟರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಗಾಣದ ಎತ್ತಿಗೆ ಯಾರಾದ್ರೂ ಪ್ರಾಕ್ಟೀಸ್ ಕೊಡ್ತಾರೇನಪ್ಪಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗಾಣದ ಎತ್ತು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಡ್ಡಡ್ಡ ಜಾರುವುದಿಲ್ಲ ಅನ್ನುವ ಉತ್ತರ ಹೊಳೆದದ್ದು ಮನೆಗೆ ಬಂದ ಮೇಲೆ.

ಒಂದೇ ಕಡೆ ತಿರುಗುತ್ತೇವೆ ಅನ್ನುವುದೇ ಪೂರ್ತಿ ನಿಜವಲ್ಲ. ತಿರುವಿನ ನಡುವೆ ಕಾರಿನ ಹಿಂಭಾಗ ಹೊರಕ್ಕೆ ಜಾರುತ್ತದೆ. ಆಗ ಕಾರು ಎಡಕ್ಕೆ ಹೋಗುತ್ತಿರುತ್ತದೆ, ನನ್ನ ಸ್ಟೀರಿಂಗ್ ಬಲಕ್ಕೆ ತಿರುಗಿರುತ್ತದೆ. ಬೇಕಾದರೆ ಬಂದು ನೋಡಿ.

ಒಂದೇ ಕಡೆ ತಿರುಗುವ ಕಾರನ್ನು ರೆಡಿ ಮಾಡುವುದು ಸುಲಭ ಅನ್ನುವುದೂ ಸುಳ್ಳು. ನಿಮ್ಮ ರಸ್ತೆ ಕಾರಿನ ಎಡ, ಬಲ ಎರಡೂ ಒಂದೇ ಥರ. ನನ್ನದರ ನಾಲ್ಕು ಮೂಲೆಗಳೂ ನಾಲ್ಕು ಥರ. ಹಿಂದಿನ ಟೈರುಗಳನ್ನೇ ತಗೊಳ್ಳಿ. ನನ್ನ ಕಾರಿನಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದುಕೊಂಡಿವೆ. ಒಂದು ತಿರುಗಿದಷ್ಟೇ ಇನ್ನೊಂದೂ ತಿರುಗಬೇಕು. ಆದರೆ ಹೊರಗಿನ ಚಕ್ರಕ್ಕೆ ದಾರಿ ಜಾಸ್ತಿ. ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ, ಒಂದು ಸುತ್ತಿಗೆ ಹೊರಗಿನದಕ್ಕೆ ಸುಮಾರು 9.4 ಮೀಟರ್ ಹೆಚ್ಚು ದೂರ. ಟ್ರ್ಯಾಕು ಚಿಕ್ಕದಿರಲಿ ದೊಡ್ಡದಿರಲಿ, ಲೆಕ್ಕ ಅದೇ. ಅದಕ್ಕೇ ಬಲ ಹಿಂದಿನ ಟೈರು ಎಡದ್ದಕ್ಕಿಂತ ದೊಡ್ಡದು. ಕಾಗದದ ಲೋಟವನ್ನು ನೆಲದ ಮೇಲೆ ಮಲಗಿಸಿ ತಳ್ಳಿ ನೋಡಿ, ತಾನಾಗಿಯೇ ಸುತ್ತು ಹಾಕುತ್ತದೆ. ಅದೇ ಉಪಾಯ. ಈ ವ್ಯತ್ಯಾಸಕ್ಕೆ ಸ್ಟ್ಯಾಗರ್ ಅನ್ನುತ್ತಾರೆ. ಟೈರಿನ ಸುತ್ತಳತೆಯನ್ನು ಟೇಪು ಹಿಡಿದು ಅಳೆಯುತ್ತೇವೆ. ಗಾಳಿ ಸ್ವಲ್ಪ ಏರಿಳಿದರೂ ಸುತ್ತಳತೆ ಬದಲಾಗುತ್ತದೆ. ಟೈರು ಬಿಸಿಯಾದರೆ ಗಾಳಿಯ ಒತ್ತಡ ಏರುತ್ತದೆ. ಅಂದರೆ ಬೆಳಿಗ್ಗೆ ಅಳೆದದ್ದು ಹತ್ತು ಸುತ್ತು ಓಡಿದ ಮೇಲೆ ಅಷ್ಟೇ ಇರುವುದಿಲ್ಲ.

ಆಮೇಲೆ ತೂಕ. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತಕ್ಕಡಿ ಇಟ್ಟು, ಹೆಲ್ಮೆಟ್ ಹಾಕಿಕೊಂಡು ಗೊಂಬೆಯ ಹಾಗೆ ಸೀಟಿನಲ್ಲಿ ಕೂರುತ್ತೇನೆ. ಬಲ ಮುಂದಿನ ಮತ್ತು ಎಡ ಹಿಂದಿನ ಚಕ್ರಗಳ ಮೇಲೆ ಬೀಳುವ ತೂಕ ಸೇರಿಸಿ, ಅದು ಒಟ್ಟು ತೂಕದಲ್ಲಿ ನೂರಕ್ಕೆ ಎಷ್ಟು ಅಂತ ನೋಡುತ್ತೇವೆ. ಎಡ ಹಿಂದಿನ ಸ್ಪ್ರಿಂಗ್ ಮೇಲಿನ ಬೋಲ್ಟನ್ನು ಒಂದು ಸುತ್ತು ಬಿಗಿ ಮಾಡಿದರೆ ಆ ಲೆಕ್ಕ ಏರುತ್ತದೆ. ಕುಂಟುವ ಮೇಜಿನ ಒಂದು ಕಾಲಿಗೆ ಕಾಗದ ಮಡಚಿ ಇಟ್ಟರೆ ಭಾರವೆಲ್ಲ ಆ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಹೋಗುತ್ತದಲ್ಲ, ಹಾಗೆ. (ನಾನು ದಪ್ಪಗಾದರೂ ಲೆಕ್ಕ ಬದಲಾಗುತ್ತದೆ. ಅದನ್ನು ಯಾರೂ ನೆನಪಿಸಬೇಕಾಗಿಲ್ಲ.)

ಇದನ್ನೆಲ್ಲ ಸರಿ ಮಾಡಿಕೊಂಡು ಹೋದರೆ ಅಲ್ಲಿ ಮಣ್ಣು ಕಾಯುತ್ತಿರುತ್ತದೆ. ಬೆಳಿಗ್ಗೆ ನೀರು ಹಾಕಿದಾಗ ಒದ್ದೆ. ಸ್ವಲ್ಪ ಹೊತ್ತಿಗೆ ಜಿಗುಟು. ಆಗ ಕಾರು ಅಂಟಿಕೊಂಡ ಹಾಗೆ ಓಡುತ್ತದೆ, ಎಲ್ಲರೂ ಶೂರರೇ. ಬಿಸಿಲೇರಿ ಒಣಗಿದ ಮೇಲೆ ಅದೇ ತಿರುವು ಎಣ್ಣೆ ಒರೆಸಿದ ಗಾಜಿನ ಹಾಗೆ ಹೊಳೆಯುತ್ತದೆ. ಪುಡಿಮಣ್ಣೆಲ್ಲ ಹೊರಗಿನ ಅಂಚಿಗೆ ಹೋಗಿ ಒಡ್ಡು ಕಟ್ಟುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಇದೆಯಲ್ಲ? ನಮ್ಮಲ್ಲಿ ನೆಲ ನಿಜವಾಗಿಯೂ ಡೊಂಕು. ಅದೂ ಗಂಟೆಗೊಂದು ಥರ. ತೊಂದರೆ ಏನೆಂದರೆ, ಕುಣಿಯಲು ಬಾರದವರೂ ನಮ್ಮಲ್ಲಿ ಇದ್ದಾರೆ. ಕಾರು ನಿಧಾನವಾದಾಗ ತಪ್ಪು ನೆಲದ್ದೋ, ಕಾರಿನದ್ದೋ, ಕುಣಿಯುವವನದ್ದೋ?

ಯಾರಾದರೂ ಇದನ್ನು ಕೇಳಲಿ ಅಂತ ಕಾದೆ. ಯಾರೂ ಕೇಳಲಿಲ್ಲ. ಹಾಗಾಗಿ ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ.

ಒಂದು ದಿನದ ಕಥೆ. ಅವತ್ತು ನನ್ನ ಕಾರು ಲೂಸ್ ಆಗಿತ್ತು. ಹಿಂಭಾಗ ಹಿಡಿತ ಬಿಟ್ಟು ಜಾರಿದರೆ ಲೂಸ್ ಅನ್ನುತ್ತೇವೆ. ಮುಂಭಾಗ ತಿರುಗದೆ ನೆಟ್ಟಗೆ ಹೋದರೆ ಟೈಟ್. ಮನೆಗೆ ಫೋನ್ ಮಾಡಿ "ಲೂಸ್ ಆಗಿದೆ, ಬರೋದು ಲೇಟು" ಅಂದಾಗ, ಆ ಕಡೆಯಿಂದ "ಅದು ಗೊತ್ತಿರೋದೇ, ಕಾರಿಗೇನಾಯ್ತು?" ಅಂತ ಬಂತು.

ನನ್ನ ಜೊತೆ ಸ್ಪ್ಯಾನರು, ಸ್ಟಾಪ್‌ವಾಚು, ನೋಟ್‌ಬುಕ್ಕು ಹಿಡಿಯುವವನು ಒಬ್ಬ ಗೆಳೆಯ. ಮಾತು ಕಡಿಮೆ. ಬೆಳಿಗ್ಗೆ ಆರು ಸುತ್ತಿನ ಸರಾಸರಿ 21.6 ಸೆಕೆಂಡ್. ಒಂದೇ ಒಳ್ಳೆಯ ಸುತ್ತನ್ನು ಅವನು ನಂಬುವುದಿಲ್ಲ, ಯಾವಾಗಲೂ ಸರಾಸರಿಯೇ. ನಾನು ಇಳಿದು ಬಂದವನೇ, "ತಿರುವಿಂದ ಹೊರಗೆ ಬರೋವಾಗ ಹಿಂದೆ ಕಿತ್ಕೊಂಡು ಹೋಗ್ತಿದೆ ಕಣೋ, ಟೈಟ್ ಮಾಡು" ಅಂದೆ. ಅವನು ಎಡ ಹಿಂದೆ ಸ್ವಲ್ಪ ದೊಡ್ಡ ಟೈರು ಹಾಕಿ ಸ್ಟ್ಯಾಗರ್ ಇಳಿಸಿದ. ಮತ್ತೆ ಓಡಿಸಿದೆ. ಇನ್ನೂ ಕೆಟ್ಟಿತು. ಬೋಲ್ಟ್ ಬಿಗಿ ಮಾಡಿ ಎಡ ಹಿಂದೆ ಭಾರ ಏರಿಸಿದ. ಮತ್ತೂ ಕೆಟ್ಟಿತು. ಒಂದು ಸಲ ಪೂರ್ತಿ ತಿರುಗಿ, ಬಂದ ದಾರಿಯನ್ನೇ ನೋಡಿಕೊಂಡು ನಿಂತೆ. ನನಗೆ ಅವನ ಮೇಲೆ ಸಿಟ್ಟು. ಟೈರಿನ ಮೇಲೆ ಸಿಟ್ಟು. ನೀರು ಹಾಕಿದವನ ಮೇಲೂ ಸಿಟ್ಟು.

ಅವನು ಏನೂ ಹೇಳಲಿಲ್ಲ. ಸ್ಟಾಪ್‌ವಾಚ್ ಜೇಬಿಗೆ ಹಾಕಿಕೊಂಡು ಮೊದಲ ತಿರುವಿನ ಹತ್ತಿರ ತಡೆಗೋಡೆಯ ಹಿಂದೆ ಹೋಗಿ ನಿಂತ. ನಾನು ಬೈಯುತ್ತಿದ್ದ ಹಿಂದಿನ ಚಕ್ರಗಳನ್ನು ಬಿಟ್ಟು ಮುಂದಿನವನ್ನು ನೋಡಿದ. ನಾಲ್ಕು ಸುತ್ತು ನೋಡಿ ಬಂದು, "ತಿರುವಿನ ಒಳಗೆ ಹೋಗೋವಾಗ ಸ್ಟೀರಿಂಗ್ ಎಷ್ಟು ತಿರುಗಿಸ್ತಿದೀಯ ಗೊತ್ತಾ?" ಅಂದ. ಗೊತ್ತಿರಲಿಲ್ಲ.

ಆಗುತ್ತಿದ್ದದ್ದು ಇಷ್ಟು. ಕಾರು ಒಳಗೆ ಹೋಗುವಾಗಲೇ ಟೈಟ್ ಇತ್ತು. ಮುಂದಿನ ಚಕ್ರ ಹಿಡಿಯುತ್ತಿರಲಿಲ್ಲ. ಹಿಡಿಯದಿದ್ದಾಗ ನನ್ನ ಕೈ ಸುಮ್ನೆ ಇರುತ್ತದಾ? ಇನ್ನಷ್ಟು, ಮತ್ತಷ್ಟು ಎಡಕ್ಕೆ ತಿರುಗಿಸುತ್ತಿತ್ತು. ವೇಗ ಇಳಿದ ಮೇಲೆ ಮುಂದಿನ ಟೈರು ಒಮ್ಮೆಲೇ ಕಚ್ಚುತ್ತಿತ್ತು. ಸ್ಟೀರಿಂಗ್ ಅಷ್ಟು ತಿರುಗಿರುವಾಗ ಕಚ್ಚಿದರೆ ಹಿಂಭಾಗ ಚಾಟಿ ಬೀಸಿದ ಹಾಗೆ ಹೊರಕ್ಕೆ ಹೋಗದೆ ಇನ್ನೇನು ಮಾಡುತ್ತದೆ? ನಾನು ಅದನ್ನು ಲೂಸ್ ಅಂದೆ. ಅವನು ನನ್ನ ಮಾತು ನಂಬಿ ಟೈಟ್ ಮಾಡಿದ. ಟೈಟ್ ಮಾಡಿದಷ್ಟೂ ನಾನು ಜಾಸ್ತಿ ತಿರುಗಿಸಿದೆ. ಜಾಸ್ತಿ ತಿರುಗಿಸಿದಷ್ಟೂ ಹಿಂಭಾಗ ಜಾಸ್ತಿ ಕಿತ್ತುಕೊಂಡು ಹೋಯಿತು. ಹೊಟ್ಟೆನೋವಿನವನು ತಲೆನೋವು ಅಂತ ಹೇಳಿ ಮಾತ್ರೆ ತಗೊಂಡ ಹಾಗೆ.

ಎರಡೂ ಬದಲಾವಣೆ ವಾಪಸ್ ತೆಗೆದ. ಬ್ರೇಕಿನ ಬಲವನ್ನು ಹಿಂದಿನ ಚಕ್ರಗಳ ಕಡೆಗೆ ಸ್ವಲ್ಪ ಹೊರಳಿಸಿದ. ಅದೊಂದೇ. ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನುವುದು ಅವನ ಹಟ. ಮೂರು ಬದಲಾಯಿಸಿ ಕಾರು ಚೆನ್ನಾದರೆ ಯಾವುದರಿಂದ ಆಯಿತು ಅಂತ ಯಾರನ್ನು ಕೇಳುವುದು? ಈ ಸಲ ಬ್ರೇಕ್ ಒತ್ತಿದ ಕೂಡಲೇ ಹಿಂಭಾಗ ಮೆಲ್ಲಗೆ ಸರಿಯಿತು, ಮೂತಿ ಒಳಕ್ಕೆ ತಿರುಗಿತು. ಕೈಗೆ ಕೆಲಸವೇ ಇಲ್ಲ. ಖುಷಿಯಿಂದ ಇಳಿದು ಟೈಮ್ ಕೇಳಿದೆ.

21.7.

ಬೆಳಿಗ್ಗೆಗಿಂತ ನಿಧಾನ! ಕಾರು ಚೆನ್ನಾಗಿದೆ ಅಂತ ನನ್ನ ಮೈ ಹೇಳುತ್ತಿದೆ, ವಾಚು ಇಲ್ಲ ಅನ್ನುತ್ತಿದೆ. ನಾನಾಗಿದ್ದರೆ ಅಲ್ಲಿಗೇ ಬಿಟ್ಟು ಬೇರೇನಾದರೂ ತಿರುಗಿಸುತ್ತಿದ್ದೆ. ಅವನು ಬ್ರೇಕನ್ನು ಬೆಳಿಗ್ಗೆ ಇದ್ದ ಜಾಗಕ್ಕೇ ತಂದ. ಗಾಳಿ ಬೆಳಿಗ್ಗೆಯಷ್ಟೇ, ಪೆಟ್ರೋಲೂ ಅಷ್ಟೇ. ಅಡಿಯಲ್ಲಿ ಮೆತ್ತಿಕೊಂಡಿದ್ದ ಮಣ್ಣನ್ನು ಕೆರೆದು ಹಾಕಿದ. ಅದೂ ಕಿಲೋಗಟ್ಟಲೆ ಇರುತ್ತದೆ. "ಹೋಗು, ಆರು ಸುತ್ತು" ಅಂದ. ಚೆನ್ನಾಗಿರುವ ಕಾರನ್ನು ಬೇಕಂತಲೇ ಕೆಡಿಸಿ ಓಡಿಸುವುದು ಎಷ್ಟು ಬೇಜಾರಿನ ಕೆಲಸ ಅಂತ ಓಡಿಸಿದವರಿಗೇ ಗೊತ್ತು. ಸರಾಸರಿ ಬಂದದ್ದು 22.3.

ಅದೇ ಕಾರು, ಅದೇ ಡ್ರೈವರ್. ಬೆಳಿಗ್ಗೆ 21.6, ಈಗ 22.3. ಅಂದರೆ ನೆಲ ಒಣಗಿ ಹೆಚ್ಚುಕಮ್ಮಿ 0.7 ಸೆಕೆಂಡ್ ತಿಂದುಹಾಕಿತ್ತು. ಆ ಒಣ ನೆಲದಲ್ಲೇ ಬ್ರೇಕಿನ ಬದಲಾವಣೆ 0.6 ಸೆಕೆಂಡ್ ವಾಪಸ್ ಕೊಟ್ಟಿತ್ತು. 20 ಸುತ್ತಿನ ರೇಸಿಗೆ ಲೆಕ್ಕ ಹಾಕಿ. 12 ಸೆಕೆಂಡ್. ಅರ್ಧ ಸುತ್ತಿಗಿಂತ ಜಾಸ್ತಿ. ಹಳೆಯದಕ್ಕೆ ವಾಪಸ್ ಹೋಗಿ ನೋಡದಿದ್ದರೆ ಅವತ್ತು ಸಿಕ್ಕಿದ್ದನ್ನು ನಾವೇ ಕಸಕ್ಕೆ ಎಸೆಯುತ್ತಿದ್ದೆವು.

ರೇಸಿನ ದಿನ ಇದಕ್ಕೆಲ್ಲ ಹೊತ್ತೆಲ್ಲಿ? ನಾಲ್ಕೈದು ಸುತ್ತು ಕೊಟ್ಟು, ಆಮೇಲೆ ಸಾಲಿನಲ್ಲಿ ನಿಲ್ಲು ಅನ್ನುತ್ತಾರೆ. ಪ್ರಾಕ್ಟೀಸ್ "ಬೇರೆ" ಬೇಕಾದದ್ದು ಇದಕ್ಕೆ.

ಅವತ್ತಿನ ಪುಟ ನೋಟ್‌ಬುಕ್ಕಿನಲ್ಲಿ ಈಗಲೂ ಇದೆ. ಟೈರಿನ ಗಾಳಿ, ಸ್ಟ್ಯಾಗರ್, ತೂಕ, ನೆಲ ಹೇಗಿತ್ತು, ಟೈಮ್ ಎಷ್ಟು, ಎಲ್ಲಕ್ಕೂ ಒಂದೊಂದು ಸಾಲು. "ತೊಂದರೆ ಎಲ್ಲಿತ್ತು" ಅನ್ನುವ ಸಾಲಿನ ಮುಂದೆ "ಸೀಟು ಮತ್ತು ಸ್ಟೀರಿಂಗ್ ನಡುವೆ" ಅಂತ ಬರೆದಿದ್ದಾನೆ. ಅವನಿಲ್ಲದಾಗ ಅಳಿಸಲು ನೋಡಿದೆ. ಬಾಕಿಯೆಲ್ಲ ಪೆನ್ಸಿಲ್ಲಿನಲ್ಲಿ ಬರೆಯುವವನು ಅದೊಂದನ್ನು ಮಾತ್ರ ಪೆನ್ನಿನಲ್ಲಿ ಬರೆದಿದ್ದಾನೆ.