ಫಿರಂಗಿಯ ಲೆಕ್ಕ ಮತ್ತು ಮೀಸಲು ತಂಡದ ಕಿವಿ

ಭಾರತೀಯ ಸೇನೆಯ ಫಿರಂಗಿ ದಳದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿ ದುಡಿದು ಹವಾಲ್ದಾರನಾಗಿ ನಿವೃತ್ತನಾದ ನಾನು ಈಗ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಊರಿನಲ್ಲಿ ಅನೇಕರಿಗೆ ಈ ಹುದ್ದೆಯ ಕೆಲಸವೇನೆಂದು ತಿಳಿದಿಲ್ಲ. ಫಿರಂಗಿಯ ಬಳಿ ನಿಂತವರಿಗೆ ಗುರಿ ಕಾಣುವುದಿಲ್ಲ. ಗುರಿ ಕಾಣುವ ವೀಕ್ಷಣಾ ಠಾಣೆಯವರ ಬಳಿ ಫಿರಂಗಿ ಇರುವುದಿಲ್ಲ. ಇವರಿಬ್ಬರ ನಡುವೆ ಕಮಾಂಡ್ ಪೋಸ್ಟಿನಲ್ಲಿ ಕುಳಿತು, ಗುರಿಯ ಸ್ಥಾನವನ್ನು ಕೇಳಿಸಿಕೊಂಡು, ನಳಿಗೆಯನ್ನು ಯಾವ ದಿಕ್ಕಿಗೆ ತಿರುಗಿಸಬೇಕು, ಎಷ್ಟು ಎತ್ತಬೇಕು, ಎಷ್ಟು ಚಾರ್ಜ್, ಅಂದರೆ ಗುಂಡನ್ನು ತಳ್ಳುವ ಮದ್ದು, ತುಂಬಬೇಕು ಎಂಬುದನ್ನು ಲೆಕ್ಕ ಹಾಕಿ ಹೇಳುವವನೇ ಟೆಕ್ನಿಕಲ್ ಅಸಿಸ್ಟೆಂಟ್.

ಈ ಟ್ರೇಡಿನವರು ರಜೆಯಲ್ಲೋ ಕೋರ್ಸಿನಲ್ಲೋ ಇರುವಾಗ ಅವರ ಜಾಗದಲ್ಲಿ ಕೂರಲು ಬೇರೆ ಕೆಲಸದ ಕೆಲವು ಜವಾನರನ್ನು ತಯಾರು ಮಾಡಿ ಇಟ್ಟುಕೊಳ್ಳುವ ಕ್ರಮ ನಮ್ಮಲ್ಲಿತ್ತು. ಅವರನ್ನು ನಾವು ಮೀಸಲು ತಂಡವೆಂದು ಕರೆಯುತ್ತಿದ್ದೆವು. ಗಾಡಿ ಓಡಿಸುವವನು, ವೈರ್‌ಲೆಸ್ ನೋಡುವವನು, ಗುಂಡು ತುಂಬುವವನು, ಹೀಗೆ ವರ್ಷದ ಹೆಚ್ಚಿನ ದಿನ ತಮ್ಮ ತಮ್ಮ ಕೆಲಸದಲ್ಲೇ ಇದ್ದು ಕೆಲವೇ ವಾರ ನಮ್ಮ ಮೇಜಿಗೆ ಬರುವವರು. ಅವರಿಗೆ ಕಲಿಸುವ ಹೊಣೆ ಹಲವು ವರ್ಷ ನನ್ನದಾಗಿತ್ತು. ಅಮೆರಿಕದ ನ್ಯಾಷನಲ್ ಗಾರ್ಡ್‌ನಲ್ಲಿ ತಿಂಗಳಿಗೊಂದು ವಾರಾಂತ್ಯ ಮತ್ತು ವರ್ಷಕ್ಕೆ ಎರಡು ವಾರ ತರಬೇತಿ ಪಡೆಯುವ ಮೀಸಲು ಸೈನಿಕರೂ ಇದೇ ಲೆಕ್ಕದ ಕೆಲಸ ಮಾಡುತ್ತಾರೆ. ಕಲಿತದ್ದನ್ನು ದಿನವೂ ಬಳಸದವನಿಗೆ ಅದನ್ನು ಉಳಿಸಿಕೊಳ್ಳುವುದು ಎಲ್ಲಿಯಾದರೂ ಕಷ್ಟವೇ.

ಮೊದಲನೆಯ ತಂಡಕ್ಕೆ ನಾನು ಕಲಿಸಿದ್ದು ವೇಗವನ್ನು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಯಾವ ದೂರಕ್ಕೆ ನಳಿಗೆ ಎಷ್ಟು ಎತ್ತಬೇಕೆಂದು ತೋರಿಸುವ ಕೋಷ್ಟಕವಾದ ರೇಂಜ್ ಟೇಬಲ್ ತೆರೆದು ಉತ್ತರ ಹೇಳುವವರೆಗಿನ ಸೆಕೆಂಡುಗಳನ್ನು ಎಣಿಸುತ್ತಿದ್ದೆ. ಮೂರು ವಾರದ ಕೊನೆಯಲ್ಲಿ ಎಲ್ಲರೂ ಚುರುಕಾಗಿದ್ದರು, ನನಗೂ ಹೆಮ್ಮೆಯಾಗಿತ್ತು. ಐದು ತಿಂಗಳ ನಂತರದ ಅಭ್ಯಾಸದಲ್ಲಿ ಅವರನ್ನೇ ಕೂರಿಸಿದಾಗ ಆಶ್ಚರ್ಯವೊಂದು ಕಾದಿತ್ತು. ಸೂತ್ರಗಳನ್ನು ಅವರು ಮರೆತಿರಲಿಲ್ಲ, ಕೋಷ್ಟಕ ನೋಡುವ ಕ್ರಮವೂ ನೆನಪಿತ್ತು. ಮರೆತದ್ದು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಿಂದಿರುಗಿಸಿ ಹೇಳುವ ಅಭ್ಯಾಸವನ್ನು.

ಆ ದಿನದ ತಪ್ಪು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬದಿಯಡ್ಕ ಕಡೆಯ ಹುಡುಗನೊಬ್ಬ ತಂಡದಲ್ಲಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಗಣಿತದಲ್ಲಿ ಗಟ್ಟಿಗ. ಪಕ್ಕದಲ್ಲಿದ್ದವನು ಬೇರಿಂಗನ್ನು, ಅಂದರೆ ಗುರಿಯ ದಿಕ್ಕನ್ನು ಸೂಚಿಸುವ ಅಂಕೆಯನ್ನು, ಹಿಂದಿಯಲ್ಲಿ ‘ಬತ್ತೀಸ್ ಉನ್‌ಸಠ್’ ಎಂದು ಒಟ್ಟಾಗಿ ಹೇಳಿದ. ಇವನು 3269 ಎಂದು ಬರೆದುಕೊಂಡ. ಉನ್‌ಸಠ್ ಎಂದರೆ ಐವತ್ತೊಂಬತ್ತು. ಅರವತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕದಲ್ಲಿ ಹುಟ್ಟಿದ ಪದ. ಐವತ್ತೊಂಬತ್ತರಲ್ಲಿ ಐವತ್ತನ್ನೇ ಮೊದಲು ಕೇಳುವ ನಮ್ಮ ಕಿವಿಗೆ ‘ಸಠ್’ ಬಿದ್ದೊಡನೆ ಮನಸ್ಸು ಅರವತ್ತರ ಸಾಲಿಗೆ ಹೋಗಿಬಿಡುತ್ತದೆ. ವ್ಯತ್ಯಾಸ ಹತ್ತು ಮಿಲ್ ಮಾತ್ರ. ಮಿಲ್ ಎಂದರೆ ಕೋನದ ಅಳತೆ. ಪೂರ್ಣ ವೃತ್ತವನ್ನು 6400 ಮಿಲ್‌ಗಳಾಗಿ ಭಾಗಿಸುವುದರಿಂದ ಒಂದು ಮಿಲ್‌ನ ತಪ್ಪು ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು ಒಂದು ಮೀಟರ್ ಆಗುತ್ತದೆ. ಹತ್ತು ಮಿಲ್‌ನ ತಪ್ಪು ಹತ್ತು ಕಿಲೋಮೀಟರ್ ದೂರದಲ್ಲಿ ಸುಮಾರು ನೂರು ಮೀಟರ್. ಗುರಿಯಿಂದ ನೂರು ಮೀಟರ್ ಆಚೆ ನಮ್ಮದೇ ಪದಾತಿ ದಳ ಇರಬಹುದು. ಅದು ಗುಂಡಿಲ್ಲದ ಅಭ್ಯಾಸವಾಗಿತ್ತು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗ ಮರುದಿನ ನನ್ನ ಬಳಿ ಬಂದು ಕನ್ನಡದಲ್ಲೇ ಹೇಳಿದ: “ಅಣ್ಣಾ, ಲೆಕ್ಕದಲ್ಲಿ ತಪ್ಪಿಲ್ಲ, ಕೇಳಿದ್ದರಲ್ಲೇ ತಪ್ಪಿದ್ದು.” ಎಲ್ಲರ ಮುಂದೆ ಅವನು ನನ್ನನ್ನು ಉಸ್ತಾದ್ ಎಂದೇ ಕರೆಯುತ್ತಿದ್ದ, ಅಣ್ಣಾ ಎಂದು ಕರೆದದ್ದು ಅವನಿಗೆ ಎಷ್ಟು ನೋವಾಗಿತ್ತೆಂಬುದನ್ನು ತಿಳಿಸಿತು.

ಅಂಕೆಗಳನ್ನು ಒಂದೊಂದಾಗಿ ಹೇಳಬೇಕು, ಕೇಳಿದವನು ಅದನ್ನೇ ಒಂದೊಂದಾಗಿ ಹಿಂದಿರುಗಿಸಬೇಕು, ಇಬ್ಬರು ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ ಬೇರೆ ಬೇರೆಯಾಗಿ ಲೆಕ್ಕ ಮಾಡಬೇಕು, ಎರಡು ಉತ್ತರಗಳೂ ಹೊಂದದಿದ್ದರೆ ಫಿರಂಗಿಗೆ ಒಂದು ಮಾತೂ ಹೋಗಬಾರದು ಎಂಬ ನಿಯಮಗಳು ನಮಗೆಲ್ಲ ಗೊತ್ತಿದ್ದವೇ. ನಾನು ಅವನ್ನು ಮೊದಲ ದಿನ ಹೇಳಿ ಮುಗಿಸಿದ್ದೆ. ದಿನವೂ ಮೇಜಿನಲ್ಲಿ ಕೂರುವವನಿಗೆ ಅದು ಸಾಕು, ಏಕೆಂದರೆ ಪಕ್ಕದವರೇ ಅವನನ್ನು ತಿದ್ದುತ್ತಿರುತ್ತಾರೆ. ಮೀಸಲಿನವನಿಗೆ ಸಾಲದು. ಲೆಕ್ಕವನ್ನು ಅವನು ಪುಸ್ತಕ ತೆರೆದು ನೆನಪಿಸಿಕೊಳ್ಳಬಲ್ಲ. ಅಭ್ಯಾಸ ಮಾತ್ರ ಮೈಗೂಡಿರದಿದ್ದರೆ ಅವಸರದಲ್ಲಿ ಒದಗುವುದಿಲ್ಲ. ವೇಗವನ್ನು ಹೊಗಳಿ ಹೊಗಳಿ ಆ ಅಭ್ಯಾಸವನ್ನು ಸವೆಸಿದವನು ನಾನೇ. ಮರಳಿ ಹೇಳುವುದಕ್ಕೆ ಎರಡು ಸೆಕೆಂಡು ಬೇಕು. ನನ್ನ ಗಡಿಯಾರ ಆ ಎರಡು ಸೆಕೆಂಡನ್ನು ದಂಡವೆಂದೇ ಎಣಿಸಿತ್ತು.

ಮುಂದಿನ ತಂಡಕ್ಕೆ ಮೊದಲ ಒಂದು ವಾರ ಸೂತ್ರಗಳನ್ನೇ ಹೇಳಲಿಲ್ಲ. ಕೇಳುವುದು, ಬರೆಯುವುದು, ಹಿಂದಿರುಗಿಸುವುದು ಇಷ್ಟೇ ಕೆಲಸ. ಜನರೇಟರ್ ಸದ್ದಿನ ಪಕ್ಕದಲ್ಲಿ, ನಿದ್ದೆಗೆಟ್ಟ ರಾತ್ರಿಯಲ್ಲಿ, ನಡುವೆ ಬೇಕೆಂದೇ ತಪ್ಪು ಅಂಕೆ ಸೇರಿಸಿ ಮಾಡಿಸಿದೆ. ತಪ್ಪನ್ನು ತಡೆದು “ನಿಲ್ಲಿಸಿ” ಎಂದವನಿಗೆ, ಅವನು ಎಷ್ಟೇ ಕಿರಿಯನಾಗಿದ್ದರೂ, ಆ ದಿನದ ಮೊದಲ ಚಹಾ. ಹಿರಿಯ ನಾಯಕನ ಮಾತನ್ನು ತಡೆಯಲು ಸಿಪಾಯಿಗೆ ಧೈರ್ಯ ಬರುವುದೇ ಈ ತರಬೇತಿಯ ಕಠಿಣ ಭಾಗವೆಂದು ನನಗೆ ಅನಿಸಿದೆ.

ಎರಡನೆಯ ವಾರದಲ್ಲಿ, ಗಾಳಿ, ನಳಿಗೆಯ ಸವೆತ, ಮದ್ದಿನ ಬಿಸಿ ಮೊದಲಾದವುಗಳಿಗಾಗಿ ಲೆಕ್ಕದಲ್ಲಿ ಮಾಡುವ ತಿದ್ದುಪಡಿಗಳ ಕಾರಣಗಳನ್ನು ಹೇಳಿದೆ. ಇಲ್ಲಿ ನನಗೆ ನೆರವಾದದ್ದು ನಮ್ಮ ಊರಿನ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವವನು ಒಂದು ಅಡಿಕೆ ಮರ ಹತ್ತಿ ಸುತ್ತಲಿನ ಮರಗಳ ಗೊನೆಗಳಿಗೂ ಸಿಂಪಡಿಸುತ್ತಾನೆ. ಗಾಳಿ ಬೀಸುವಾಗ ಅವನು ಗೊನೆಗೆ ನೇರವಾಗಿ ಹಿಡಿಯದೆ ಗಾಳಿ ಬರುವ ಕಡೆಗೆ ಸ್ವಲ್ಪ ಸರಿಸಿ ಹಿಡಿಯುತ್ತಾನೆ. ಕೆಳಗೆ ಪಂಪಿನ ಒತ್ತಡ ಇಳಿದರೆ ದ್ರಾವಣ ಗೊನೆಗೆ ತಲಪುವುದಿಲ್ಲ. ಆಗ ಕೈಯನ್ನು ಇನ್ನಷ್ಟು ಎತ್ತುತ್ತಾನೆ. ಸಾವಿರಾರು ಗುಂಡು ಹಾರಿಸಿ ಸವೆದ ನಳಿಗೆಯಿಂದ ಹೊರಡುವ ಗುಂಡಿನ ವೇಗವೂ ಹೀಗೆಯೇ ಕುಗ್ಗುತ್ತದೆ, ನಾವೂ ಹಾಗೆಯೇ ನಳಿಗೆಯ ಎತ್ತರ ಹೆಚ್ಚಿಸುತ್ತೇವೆ. ಮದ್ದು ಬಿಸಿಯಾಗಿದ್ದರೆ ಬೇಗ ಉರಿದು ಗುಂಡು ಹೆಚ್ಚು ದೂರ ಹೋಗುತ್ತದೆ. ಆದ್ದರಿಂದ ಮರುಭೂಮಿಯಲ್ಲಿ ಬೆಳಗ್ಗೆ ಸರಿಯಿದ್ದ ಎತ್ತರ ಮಧ್ಯಾಹ್ನಕ್ಕೆ ಸರಿಬರುವುದಿಲ್ಲ. ಪರ್ವತದ ತೆಳುಗಾಳಿಯಲ್ಲಿ ತಡೆ ಕಡಿಮೆ. 1999ರ ಕಾರ್ಗಿಲ್ ಯುದ್ಧದಲ್ಲಿ ಬೋಫೋರ್ಸ್ ಫಿರಂಗಿಗಳ ಗುಂಡುಗಳು ಬಯಲುನಾಡಿಗಿಂತ ಹೆಚ್ಚು ದೂರ ಸಾಗಿದ್ದು ಇದರಿಂದಲೇ. ಕಾರಣ ತಿಳಿದವನಿಗೆ ಉತ್ತರದಲ್ಲಿ ಏರಬೇಕಾದ ಕಡೆ ಇಳಿದಿದ್ದರೆ ಒಡನೆ ಸಂಶಯ ಬರುತ್ತದೆ. ಈಗ ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ನಿಜ. 3259ರ ಬದಲು 3269 ಒತ್ತಿದರೆ ಅದು 3269ಕ್ಕೇ ನಿಖರವಾಗಿ ಲೆಕ್ಕ ಹಾಕಿಕೊಡುತ್ತದೆ.

ಆರು ತಿಂಗಳ ಬಳಿಕ ಆ ತಂಡವನ್ನು ಮತ್ತೆ ಕೂರಿಸಿದಾಗ ಅವರು ಮೊದಲ ತಂಡಕ್ಕಿಂತ ನಿಧಾನವಾಗಿದ್ದರು. ಒಂದು ಲೆಕ್ಕಕ್ಕೆ ಕೋಷ್ಟಕದ ಪುಟ ಹುಡುಕಲು ಇಬ್ಬರು ತಡಕಾಡಿದರು. ಆದರೆ ಹಿಂದಿರುಗಿಸದೆ ಒಂದು ಅಂಕೆಯೂ ಮೇಜನ್ನು ದಾಟಲಿಲ್ಲ. ವೇಗ ಎರಡು ದಿನದಲ್ಲಿ ಮರಳಿ ಬಂತು.

ಬದಿಯಡ್ಕದ ಹುಡುಗ ಈಗ ನಾಯಕ್ ಆಗಿದ್ದಾನೆ, ತಾನೇ ಮೀಸಲಿನವರಿಗೆ ಕಲಿಸುತ್ತಾನೆ. ರಜೆಯಲ್ಲಿ ಬಂದಾಗ ಇಬ್ಬರೂ ಪೊಸಡಿ ಗುಂಪೆ ಗುಡ್ಡ ಹತ್ತುತ್ತೇವೆ. ಕೈಯಲ್ಲಿ ಕಂಪಾಸು ಮತ್ತು ಒಂದು ಹಳೆಯ ನೋಟ್‌ಬುಕ್. ಕೆಳಗೆ ಕಾಣುವ ಯಾವುದಾದರೊಂದು ನೀರಿನ ಟ್ಯಾಂಕನ್ನೋ ಒಂಟಿ ಮರವನ್ನೋ ಗುರುತಿಸಿ ನಾನು ಬೇರಿಂಗ್ ಹೇಳುತ್ತೇನೆ, ಅವನು ಹಿಂದಿರುಗಿಸಿ ಬರೆಯುತ್ತಾನೆ. ಕಳೆದ ರಜೆಯಲ್ಲಿ ಹೇಳದೆ ಕೇಳದೆ ಒಂದು ತಪ್ಪು ಅಂಕೆ ಸೇರಿಸಿದೆ. ಅವನ ಪೆನ್ನು ಹಾಳೆಯ ಮೇಲೆ ನಿಂತಿತು. “ಅಣ್ಣಾ, ನಿಲ್ಲಿ. ನೀವು ಹೇಳಿದ ದಿಕ್ಕಿಗೆ ನೋಡಿದರೆ ಸಮುದ್ರ ಬರುತ್ತದೆ, ಟ್ಯಾಂಕ್ ಇರುವುದು ನಮ್ಮ ಬೆನ್ನ ಹಿಂದೆ,” ಎಂದು ಹೇಳಿ, ನಾನು ಸರಿಯಾದ ಅಂಕೆ ಹೇಳುವವರೆಗೆ ಪೆನ್ನನ್ನು ಹಾಗೆಯೇ ಹಿಡಿದು ಕಾದ.