ಇಷ್ಟು ದೂರ ಬಂದು ಮತ್ತ ಅದೇ ಕಲ್ಲಾ?

"ಇಷ್ಟು ದೂರ ಬಂದು ಮತ್ತ ಅದೇ ಕಲ್ಲ ನೋಡೂದಾ?" ಅಂದಳು ಅವ್ವ. ಬಸ್ ಇಳಿದು ಇನ್ನೂ ನೂರು ಹೆಜ್ಜೆ ನಡೆದಿರಲಿಲ್ಲ.

ತಪ್ಪು ಅವಳದಲ್ಲ. ನಾವು ಗಂಗಾವತಿ ಕಡೆಯವರು. ಹಿರೇಬೆಣಕಲ್ಲಿನ ಮೋರೇರ ಬೆಟ್ಟ ಅವಳ ತವರಿಗೆ ಹತ್ತಿರ. ಅಲ್ಲಿ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲುಮನೆಗಳು ಸಾಲಾಗಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿಗಳು ಅವು. ಊರ ಬಾಯಲ್ಲಿ ಮಾತ್ರ ಮೋರೇರು ಎಂಬ ಗಿಡ್ಡ ಜನ ಬಾಳಿದ ಮನೆಗಳು. ಅಂಥದ್ದನ್ನು ಲಂಗ ಹಾಕುವ ವಯಸ್ಸಿನಿಂದ ನೋಡಿದವಳನ್ನು ಇಂಗ್ಲೆಂಡಿಗೆ ಕರೆಸಿ ಕಲ್ಲು ತೋರಿಸಿದರೆ ಇನ್ನೇನು ಹೇಳುತ್ತಾಳೆ?

ನಾನಿರುವುದು ಸ್ವಿಂಡನ್‌ನಲ್ಲಿ. ಇಲ್ಲಿಂದ ಡಿವೈಜಸ್ ಕಡೆ ಹೋಗುವ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಏವ್‌ಬರಿ ಎಂಬ ಹಳ್ಳಿ. ಈ ವಿಲ್ಟ್‌ಶೈರ್ ಜಿಲ್ಲೆ ಎಂದರೆ ಎಲ್ಲರಿಗೂ ಗೊತ್ತಿರುವುದು ಸ್ಟೋನ್‌ಹೆಂಜ್ ಎಂಬ ಹಳೆಯ ಕಲ್ಲಿನ ವೃತ್ತ. ಅಲ್ಲಿ ಟಿಕೆಟ್ಟು, ಹಗ್ಗ, ದೂರದಿಂದ ಫೋಟೊ. ಏವ್‌ಬರಿಯಲ್ಲಿ ಹಾಗಿಲ್ಲ. ಸುಮ್ನೆ ಹೋಗಿ ಕಲ್ಲಿಗೆ ಬೆನ್ನು ಕೊಟ್ಟು ಕೂರಬಹುದು. ಇಲ್ಲಿನದು 4 ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ವೃತ್ತ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಮಾರು 330 ಮೀಟರ್. ಅದರ ನಡುವೆ ಟಾರು ರಸ್ತೆ, ಮನೆಗಳು, ಒಂದು ಪಬ್ಬು. ಕಲ್ಲಿನ ನೆರಳಲ್ಲಿ ಕುರಿ ಮೆಲುಕು ಹಾಕುತ್ತಿರುತ್ತವೆ. ರಸ್ತೆ ಪಕ್ಕದ ದೊಡ್ಡ ಕಲ್ಲಿಗೆ ನಮ್ಮ ಊರಿನದೇ ಹೆಸರು, ಸ್ವಿಂಡನ್ ಕಲ್ಲು. ಸುಮಾರು 60 ಟನ್ ಅಂತೆ. ನಿಲ್ಲಿಸಿದ ದಿನದಿಂದ ಬಿದ್ದೇ ಇಲ್ಲ. ನಡುರಾತ್ರಿ ಗಡಿಯಾರ ಹೊಡೆದರೆ ಎದ್ದು ರಸ್ತೆ ದಾಟುತ್ತದೆ ಎಂದು ಕಥೆ.

ಅವ್ವನಿಗೆ ಇದ್ಯಾವುದೂ ಹಿಡಿಸಲಿಲ್ಲ. ಅವಳು ನೋಡುತ್ತಿದ್ದದ್ದು ಒಂದು ಮನೆಯ ಗೋಡೆಯನ್ನು. ಹತ್ತಿರ ಹೋದಳು. ಬೂದು ಬಣ್ಣದ ದಪ್ಪ ತುಂಡುಗಳು, ನಡುನಡುವೆ ಗಾರೆ. ಒಂದರ ಮೇಲೆ ಅಂಗೈ ಇಟ್ಟು, "ಇದು ಆ ಕಲ್ಲೇ ಅಲ್ಲೇನು? ಒಡೆದು ಕಟ್ಯಾರ" ಅಂದಳು.

ಹೌದು. ಇಷ್ಟು ಸಲ ಬಂದಿದ್ದೇನೆ, ಗೋಡೆಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. 17, 18ನೇ ಶತಮಾನದಲ್ಲಿ ಊರಿನವರು ಈ ಕಲ್ಲುಗಳನ್ನು ಒಡೆದು ಮನೆಗೆ, ಕಾಂಪೌಂಡಿಗೆ ಬಳಸಿದರು. ಗುಂಡಿ ತೋಡಿ ಕಲ್ಲು ಕೆಡವುವುದು, ಕೆಳಗೆ ಹುಲ್ಲು ತುಂಬಿ ಬೆಂಕಿ ಹಚ್ಚುವುದು, ಕಾದ ಮೇಲೆ ಗೆರೆ ಎಳೆದ ಹಾಗೆ ತಣ್ಣೀರು ಸುರಿದು ಸುತ್ತಿಗೆ ಏಟು. ಹಳೆಯ ಸ್ಮಾರಕಗಳ ಅಧ್ಯಯನ ಮಾಡುತ್ತಿದ್ದ ವಿಲಿಯಂ ಸ್ಟ್ಯೂಕ್ಲಿ ಎಂಬಾತ 1720ರ ಸುಮಾರಿಗೆ ಇದನ್ನು ಕಣ್ಣಾರೆ ಕಂಡು, ಹೊಟ್ಟೆ ಉರಿದುಕೊಂಡು ಬರೆದಿಟ್ಟಿದ್ದಾನೆ. ನಾನು ಇದನ್ನು ದೊಡ್ಡ ಸಂಗತಿ ಎನ್ನುವ ಹಾಗೆ ವಿವರಿಸಿದೆ. ಅವ್ವ, "ನಮ್ಮಪ್ಪನೂ ಹಂಗ ಒಡೀತಿದ್ದ. ನೀರು ಜಾಸ್ತಿ ಆದ್ರ ಅಡ್ಡಾದಿಡ್ಡಿ ಸೀಳತದ" ಅಂದಳು. ಅಜ್ಜ ಕಲ್ಲು ಕೆಲಸ ಮಾಡುತ್ತಿದ್ದದ್ದು ಗೊತ್ತಿತ್ತು. ಬೆಂಕಿ ಹಾಕುತ್ತಿದ್ದದ್ದು ಗೊತ್ತಿರಲಿಲ್ಲ.

ಉಳಿದ ಕಲ್ಲು ಉಳಿದದ್ದೂ ಸುಲಭವಾಗಿ ಅಲ್ಲ. 1871ರಲ್ಲಿ ಇಲ್ಲಿ ಮನೆ ಕಟ್ಟಲು ಜಾಗ ಮಾರಾಟಕ್ಕೆ ಬಂದಾಗ ಜಾನ್ ಲಬಕ್ ಎಂಬ ಸಂಸದ ತಾನೇ ಕೊಂಡ. ಪುರಾತನ ಸ್ಮಾರಕಗಳ ರಕ್ಷಣೆಗೆ ಬ್ರಿಟನ್ನಿನ ಮೊದಲ ಕಾನೂನು 1882ರಲ್ಲಿ ಬಂದದ್ದು ಇವನ ಹಟದಿಂದಲೇ. ಈಗ ಈ ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ಜಾಗಗಳು ರಕ್ಷಣೆಯ ಪಟ್ಟಿಯಲ್ಲಿವೆ. ಎಷ್ಟೋ ಕಡೆ ಹೊಲದ ನಡುವೆ ಒಂದು ಮಣ್ಣಿನ ದಿಬ್ಬ, ಅಷ್ಟೇ. ಆದರೆ ಹೊಲದ ಒಡೆಯನೂ ಅನುಮತಿ ಇಲ್ಲದೆ ಅಲ್ಲಿ ಅಗೆಯುವ ಹಾಗಿಲ್ಲ. ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವ ಹಾಗೂ ಇಲ್ಲ.

1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಎಂಬ ಪುರಾತತ್ವಜ್ಞ ಬಂದ. ಮನೆತನದ್ದು ಕಿತ್ತಳೆ ಮಾರ್ಮಲೇಡ್ ವ್ಯಾಪಾರ, ದುಡ್ಡಿಗೆ ಕೊರತೆ ಇಲ್ಲ. ಮಣ್ಣಲ್ಲಿ ಹೂತಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ. ಕಾಣೆಯಾದ ಕಲ್ಲಿನ ಜಾಗಕ್ಕೆ ಕಾಂಕ್ರೀಟಿನ ಗುರುತು ನೆಟ್ಟ. 1938ರಲ್ಲಿ ಒಂದು ಕಲ್ಲಿನ ಅಡಿ ಒಬ್ಬ ಮನುಷ್ಯನ ಎಲುಬು ಸಿಕ್ಕಿತು. ಜೊತೆಗೆ ಕತ್ತರಿ, 14ನೇ ಶತಮಾನದ ಶುರುವಿನ ಬೆಳ್ಳಿ ನಾಣ್ಯ. ಕ್ಷೌರದ ಜೊತೆ ಚಿಕಿತ್ಸೆಯನ್ನೂ ಮಾಡುವ ಕ್ಷೌರಿಕ ವೈದ್ಯನಿರಬೇಕು ಎಂದರು. ಕಲ್ಲು ಬಿದ್ದು ಸತ್ತನೋ, ಸತ್ತ ಮೇಲೆ ಅಲ್ಲಿ ಇಟ್ಟರೋ, ವಾದ ಮುಗಿದಿಲ್ಲ.

ಇದೇ ಕೀಲರ್ ವೃತ್ತದೊಳಗಿನ ಕೆಲವು ಮನೆಗಳನ್ನು ಕೆಡವಿಸಿದ ಕೂಡ. ಜನ ಪಕ್ಕಕ್ಕೆ ಹೋಗಬೇಕಾಯಿತು. ಅವ್ವನಿಗೆ ಹೇಳಿದೆ. "ಹಂಪಿ ಬಜಾರದಾಗ ಆಗಲಿಲ್ಲೇನು" ಅಂದಳು ತಕ್ಷಣ. 2011ರಲ್ಲಿ ಅಲ್ಲಿ ಅಂಗಡಿ, ಮನೆ ಕೆಡವಿದ್ದು ನೋಡಿದವಳು. ಕಲ್ಲು ಉಳಿಸುವುದು ಸರಿ, ಆದರೆ ಅಲ್ಲಿ ಒಲೆ ಹೊತ್ತಿಸಿಕೊಂಡು ಇದ್ದವರ ಗತಿ? ನನ್ನ ಹತ್ತಿರ ಉತ್ತರ ಇರಲಿಲ್ಲ, ಚಹಾ ಕುಡಿಯೋಣ ಬಾ ಅಂದೆ.

ವಾಪಸ್ ಬಸ್ಸಿನಲ್ಲಿ ಮಾವನಿಗೆ ಫೋನ್ ಹಚ್ಚಿದಳು. ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳುತ್ತಿದ್ದಳು: "ಹ್ಞೂಂ ತಮ್ಮಾ, ಇಲ್ಲೂ ಮೋರೇರು ಇದ್ರಂತ. ಆದ್ರ ಇವರು ಗಿಡ್ಡ ಇರಾಕಿಲ್ಲ. ಕಲ್ಲು ನೋಡಿದ್ರ ಭಾಳ ಎತ್ತರ ಮಂದಿ."